ನ್ಯೂರೋಸರ್ಜರಿ ರೆಸಿಡೆಂಟ್ ಒಬ್ಬಳಿಗೆ ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನ್ಯೂರೋಸರ್ಜರಿಯ ಎಂ.ಸಿಎಚ್. (ಶಸ್ತ್ರಚಿಕಿತ್ಸೆಯ ಉನ್ನತ ತಜ್ಞ ಪದವಿ) ತರಬೇತಿಯ ಕೊನೆಯ ವರ್ಷದಲ್ಲಿದ್ದೇನೆ. ಎಂಬಿಬಿಎಸ್ ವಿದ್ಯಾರ್ಥಿಗಳ ಪತ್ರಗಳಲ್ಲಿ, ಬಂಧುಗಳ ಮದುವೆಮನೆಗಳಲ್ಲಿ, ಐಸಿಯು ಹೊರಗಿನ ಬೆಂಚಿನಲ್ಲಿ ಕುಳಿತ ಮನೆಯವರ ಮಾತಿನಲ್ಲಿ ಮರಳಿ ಮರಳಿ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಟ್ಟಿದ್ದೇನೆ. ಸುಲಭವಾದವು ಮೊದಲು ಬರುತ್ತವೆ. ಇವು ಯಾವುದೇ ರೋಗಿಯ ಚಿಕಿತ್ಸೆಗೆ ಕೊಟ್ಟ ಸಲಹೆಗಳಲ್ಲ. ಅದನ್ನು ರೋಗಿಯನ್ನು ಕಣ್ಣಾರೆ ಪರೀಕ್ಷಿಸಿದ ವೈದ್ಯರೇ ಹೇಳಬೇಕು.

## ಮೊದಲು ತಿಳಿಯಬೇಕಾದವು

ನ್ಯೂರೋಸರ್ಜನ್ ಅಂದರೆ ನರದ ಡಾಕ್ಟ್ರೇ ಅಲ್ವಾ? ನ್ಯೂರಾಲಜಿಸ್ಟ್ ಬೇರೆಯಾ?

ಬೇರೆ. ನ್ಯೂರಾಲಜಿಸ್ಟ್ ಮೆಡಿಸಿನ್ ಓದಿ, ಆ ಮೇಲೆ ಡಿ.ಎಂ. ಎಂಬ ಉನ್ನತ ತಜ್ಞ ಪದವಿ ಮಾಡಿದವರು, ಅಪಸ್ಮಾರ, ಪಾರ್ಕಿನ್ಸನ್, ಮೈಗ್ರೇನ್, ಬಹುಪಾಲು ಪಾರ್ಶ್ವವಾಯುವಿನ ಚಿಕಿತ್ಸೆ ಅವರದು. ನ್ಯೂರೋಸರ್ಜನ್ ಶಸ್ತ್ರಚಿಕಿತ್ಸೆಯ ದಾರಿಯಲ್ಲಿ ಬಂದವರು. ತಲೆಯ ಗಾಯ, ಮಿದುಳಿನ ಗಡ್ಡೆ, ಮಿದುಳಿನಲ್ಲಿ ನೀರು ತುಂಬುವುದು, ರಕ್ತನಾಳದ ಉಬ್ಬು, ಬೆನ್ನುಹುರಿಯ ಮೇಲಿನ ಒತ್ತಡ ಇವರ ಕ್ಷೇತ್ರ. ಜನರು ತಿಳಿದಿರುವುದಕ್ಕಿಂತ ಬೆನ್ನುಮೂಳೆಯ ಕೆಲಸ ನಮ್ಮಲ್ಲಿ ಬಹಳ ಹೆಚ್ಚು.

ಎಂಬಿಬಿಎಸ್ ಆದ ಮೇಲೂ ಇನ್ನೂ ಇಷ್ಟು ವರ್ಷ ಓದುವುದು ಉಂಟಾ? ಒಟ್ಟು ಎಷ್ಟು ವರ್ಷ?

ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂ.ಎಸ್. ಜನರಲ್ ಸರ್ಜರಿಗೆ 3 ವರ್ಷ, ಅನಂತರ ನೀಟ್-ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ ಬರೆದು ಎಂ.ಸಿಎಚ್. ಅಥವಾ ಅದಕ್ಕೆ ಸಮಾನವಾದ ಡಿಆರ್‌ಎನ್‌ಬಿಗೆ 3 ವರ್ಷ. ಪರೀಕ್ಷೆಗಳ ನಡುವಿನ ಕಾಯುವಿಕೆಯನ್ನು ಬಿಟ್ಟು ಹನ್ನೊಂದೂವರೆ ವರ್ಷ. ಎಂಬಿಬಿಎಸ್ ಮುಗಿಸಿದವರೇ ನೇರವಾಗಿ ಸೇರಬಹುದಾದ 6 ವರ್ಷದ ಕೋರ್ಸ್‌ಗಳೂ ಇವೆ. ಲೆಕ್ಕ ಹಾಕಿದರೆ ಓದಿನ ಅವಧಿ ಒಂದೇ, ಉಳಿಯುವುದು ನಡುವಿನ ಪ್ರವೇಶ ಪರೀಕ್ಷೆ ಮತ್ತು ಅದರ ತಯಾರಿಗೆ ಹೋಗುವ ಕಾಲ.

ನಾನು ಎಂ.ಎಸ್. ಮುಗಿಸಿ ಬಂದವಳು, ಮತ್ತು ನನ್ನನ್ನು ಕೇಳಿದರೆ ಆ ಮೂರು ವರ್ಷ ವ್ಯರ್ಥವಲ್ಲ ಎನ್ನುತ್ತೇನೆ. ಮಿದುಳಿನ ನೀರನ್ನು ಹೊರಗೆ ಹರಿಸುವ ಷಂಟ್ ನಳಿಕೆಯ ಕೆಳತುದಿ ಹೊಟ್ಟೆಯೊಳಗೆ ಕೂರುತ್ತದೆ. ಮಿದುಳಿನ ಬಾವು ಇಳಿಯುವ ತನಕ ತೆಗೆದಿಟ್ಟ ತಲೆಬುರುಡೆಯ ತುಂಡನ್ನು ಎಷ್ಟೋ ಕಡೆ ಹೊಟ್ಟೆಯ ಚರ್ಮದಡಿಯ ಕೊಬ್ಬಿನಲ್ಲಿಯೇ ಕಾದಿಡುತ್ತಾರೆ. ಅಪಘಾತದ ರೋಗಿಗೆ ತಲೆಯ ಜೊತೆ ಹೊಟ್ಟೆಯೊಳಗಿನ ಗುಲ್ಮವೂ (ಸ್ಪ್ಲೀನ್) ಒಡೆದಿದ್ದರೆ, ಮೊದಲು ಯಾವುದಕ್ಕೆ ಕೈ ಹಾಕಬೇಕೆಂದು ಅರಿಯಲು ಹೊಟ್ಟೆಯ ಶಸ್ತ್ರಚಿಕಿತ್ಸೆಯ ತಿಳಿವಳಿಕೆಯೇ ನೆರವಾಗುತ್ತದೆ.

ರೆಸಿಡೆಂಟ್ ಎಂದರೆ ವಿದ್ಯಾರ್ಥಿಯಾ, ಡಾಕ್ಟ್ರಾ? ಅಪ್ಪನ ಆಪರೇಷನ್ ಯಾರು ಮಾಡುವುದು?

ಎರಡೂ ಹೌದು. ನೋಂದಾಯಿತ ವೈದ್ಯೆಯಾಗಿ ನಾನು ರೋಗಿಯನ್ನು ಪರೀಕ್ಷಿಸುತ್ತೇನೆ, ಔಷಧಿ ಬರೆಯುತ್ತೇನೆ, ಶಸ್ತ್ರಚಿಕಿತ್ಸೆಯಲ್ಲಿ ಪಾಲ್ಗೊಳ್ಳುತ್ತೇನೆ; ಆದರೆ ಪ್ರತಿಯೊಂದು ಮುಖ್ಯ ನಿರ್ಧಾರಕ್ಕೂ ಹಿರಿಯ ತಜ್ಞರು ಹೊಣೆ. ನಿಮ್ಮ ತಂದೆಯ ಶಸ್ತ್ರಚಿಕಿತ್ಸೆಯ ಯಾವ ಭಾಗವನ್ನು ಯಾರು ಮಾಡುತ್ತಾರೆ ಎಂದು ಸಹಿ ಹಾಕುವ ಮೊದಲು ಕೇಳುವುದು ನಿಮ್ಮ ಹಕ್ಕು. ಕೇಳಿದರೆ ಡಾಕ್ಟರಿಗೆ ಬೇಸರವಾದೀತು ಎಂಬ ಅಂಜಿಕೆ ಬೇಡ.

## ತರಬೇತಿಯ ಒಳಗೆ

ಮೊದಲು ಯಾವ ಆಪರೇಷನ್ ಕೈಗೆ ಕೊಡ್ತಾರೆ ಮೇಡಂ?

ಬಹುತೇಕ ಎಲ್ಲ ಕಡೆಯೂ ಆರಂಭ ತಲೆಯ ಚರ್ಮ ತೆರೆಯುವುದು, ಮುಚ್ಚುವುದು, ಅನಂತರ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ. ವಯಸ್ಸಾದವರಲ್ಲಿ ಮಿದುಳಿನ ಹೊರಪೊರೆಯಡಿ ವಾರಗಟ್ಟಲೆ ಶೇಖರವಾಗಿ ತಿಳಿಯಾದ ಹಳೆಯ ರಕ್ತವನ್ನು ಬುರುಡೆಯಲ್ಲಿ ಒಂದೆರಡು ರಂಧ್ರ ಕೊರೆದು ಹೊರತೆಗೆಯುವ ಕೆಲಸವಿದು. ಕಲಿಯುವವರಿಗೆ ಇದು ಒಳ್ಳೆಯ ಪಾಠಶಾಲೆ: ಡ್ರಿಲ್ ಎಲ್ಲಿ ನಿಲ್ಲಬೇಕು, ಪೊರೆಯನ್ನು ಹೇಗೆ ಬಿಡಿಸಬೇಕು, ನಳಿಕೆಯನ್ನು ಮಿದುಳಿಗೆ ತಾಗದಂತೆ ಹೇಗೆ ಜಾರಿಸಬೇಕು ಎಂಬುದೆಲ್ಲ ಇದರಲ್ಲಿದೆ. ಸುಲಭವೆಂದು ಕರೆಯುವುದು ಮಾತ್ರ ಸರಿಯಲ್ಲ. ರೋಗಿಗಳು ಹೆಚ್ಚಾಗಿ ವಯಸ್ಸಾದವರು, ಹಲವರು ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು. ಅವರ ಪಾಲಿಗೆ ಸಣ್ಣ ಶಸ್ತ್ರಚಿಕಿತ್ಸೆ ಎಂಬುದಿಲ್ಲ.

ಮುಂದೆ ಮಿದುಳಿನ ಕುಹರಕ್ಕೆ ನಳಿಕೆ ಹಾಕುವುದು, ಷಂಟ್, ಬುರುಡೆ ಮತ್ತು ಪೊರೆಯ ನಡುವಿನ ರಕ್ತಗಟ್ಟು ತೆಗೆಯುವುದು, ಸೊಂಟದ ಡಿಸ್ಕ್, ಮಿದುಳಿನ ಮೇಲ್ಮೈಯ ಗಡ್ಡೆ ಹೀಗೆ ಮೆಟ್ಟಿಲುಗಳು ಏರುತ್ತವೆ. ರಕ್ತನಾಳದ ಉಬ್ಬಿಗೆ ಕ್ಲಿಪ್ ಹಾಕುವುದು, ಮಿದುಳಿನ ತಳದ ಗಡ್ಡೆಗಳು ಇವನ್ನು ರೆಸಿಡೆಂಟ್ ನೋಡಿ, ನೆರವಾಗಿ ಕಲಿಯುತ್ತಾರೆ. ಸ್ವಂತ ಕೈಯಿಂದ ಮಾಡುವ ದಿನ ತರಬೇತಿ ಮುಗಿದ ಎಷ್ಟೋ ವರ್ಷಗಳ ಮೇಲೆ ಬರುತ್ತದೆ.

ನನಗೆ ಕೈ ಸ್ವಲ್ಪ ನಡುಗುತ್ತದೆ. ನ್ಯೂರೋಸರ್ಜನ್ ಆಗಲಿಕ್ಕೆ ಆಗುವುದಿಲ್ವಾ?

ಸೂಕ್ಷ್ಮದರ್ಶಕದ ಕೆಳಗೆ ಎಲ್ಲರ ಕೈಯೂ ನಡುಗುತ್ತದೆ. ಮುಂಗೈಗೆ ಆಧಾರ ಕೊಡುವುದು, ಕುರ್ಚಿಯ ಎತ್ತರ ಸರಿಪಡಿಸುವುದು, ಉಸಿರಿನ ಲಯಕ್ಕೆ ಕೈಯನ್ನು ಹೊಂದಿಸುವುದು ಇವೆಲ್ಲ ಅಭ್ಯಾಸದಿಂದ ಬರುವ ವಿದ್ಯೆಗಳು. ಅಂಗಡಿಯಿಂದ ತಂದ ಕೋಳಿಯ ರೆಕ್ಕೆಯಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ರಕ್ತನಾಳವಿರುತ್ತದೆ. ಅದನ್ನು ಕತ್ತರಿಸಿ, ಕೂದಲಿಗಿಂತ ತೆಳುವಾದ 10-0 ದಾರದಿಂದ ಮತ್ತೆ ಜೋಡಿಸುವುದು ಜಗತ್ತಿನಾದ್ಯಂತ ರೆಸಿಡೆಂಟ್‌ಗಳು ಮಾಡುವ ಅಭ್ಯಾಸ. ಕಾಯಿಲೆಯಿಂದ ಬಂದ ನಡುಕವಾದರೆ ವೈದ್ಯರಿಗೆ ತೋರಿಸಿ. ಹೆದರಿಕೆಯಿಂದ ಬಂದದ್ದಾದರೆ ಆ ಕಾರಣಕ್ಕಾಗಿ ಈ ವಿಭಾಗವನ್ನು ಬಿಡಬೇಡಿ. ಕೈಗಿಂತ ಹೆಚ್ಚಾಗಿ ಬೇಕಾದದ್ದು ಒಬ್ಬನೇ ರೋಗಿಯನ್ನು ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಹೋಗಿ ನೋಡುವ ತಾಳ್ಮೆ.

ಬೈಕಿಂದ ಬಿದ್ದವ ಎದ್ದು ನಡೆದಿದ್ದಾನೆ, ಚಂದ ಮಾತಾಡ್ತಾನೆ. ಮತ್ತೆ ಯಾಕೆ ರಾತ್ರಿಯಿಡೀ ಎಬ್ಬಿಸಿ ಎಬ್ಬಿಸಿ ನೋಡ್ತೀರಿ?

ಕಿವಿಯ ಮೇಲ್ಭಾಗದಲ್ಲಿ ಬುರುಡೆಯ ಎಲುಬು ತೆಳುವಾಗಿದೆ, ಅದರ ಒಳಮೈಗೆ ಅಂಟಿಕೊಂಡಂತೆ ಒಂದು ಧಮನಿ ಸಾಗುತ್ತದೆ. ಎಲುಬು ಬಿರಿದು ಆ ಧಮನಿ ಹರಿದರೆ ರಕ್ತ ಹೊರಪೊರೆಯನ್ನು ಎಲುಬಿನಿಂದ ಬಿಡಿಸುತ್ತಾ ತುಂಬುತ್ತದೆ. ಮಿದುಳಿಗೆ ಒತ್ತಡ ತಟ್ಟುವ ತನಕ ವ್ಯಕ್ತಿ ಸರಿಯಾಗಿಯೇ ಮಾತನಾಡುತ್ತಿರಬಹುದು. ಆಮೇಲೆ ತಲೆನೋವು, ವಾಂತಿ, ಮಂಪರು, ಒಂದು ಕಣ್ಣಿನ ಪಾಪೆ ಹಿಗ್ಗುವುದು ಬೇಗ ಬೇಗ ಬರುತ್ತವೆ. ಸಮಯಕ್ಕೆ ರಕ್ತ ತೆಗೆದರೆ ಪೂರ್ತಿ ಗುಣವಾಗುವ ಸಾಧ್ಯತೆಯಿರುವ ಸ್ಥಿತಿಯಿದು. ಮಲಗಿದವನು ನಿದ್ದೆಯಲ್ಲಿದ್ದಾನೋ ಪ್ರಜ್ಞೆ ಕಳೆದುಕೊಳ್ಳುತ್ತಿದ್ದಾನೋ ಎಂದು ಎಬ್ಬಿಸದೆ ತಿಳಿಯುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದಡಿ ಬಿಗಿಯದಿದ್ದರೆ ಬೀಳುವಾಗ ಮೊದಲು ಹಾರಿಹೋಗುವುದು ಹೆಲ್ಮೆಟ್ಟೇ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ನನಗೆ ತುಳು ಬರುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ಸೀಟು ಸಿಕ್ಕಿದರೆ ಕಷ್ಟ ಆಗುತ್ತದಾ?

ಕಷ್ಟವಾಗುತ್ತದೆ, ಆದ್ದರಿಂದ ಮೊದಲ ತಿಂಗಳಿನಿಂದಲೇ ಕಲಿಯಿರಿ. ಇದನ್ನು ಸೌಜನ್ಯಕ್ಕಾಗಿ ಹೇಳುತ್ತಿಲ್ಲ. ಪ್ರಜ್ಞೆಯ ಮಟ್ಟವನ್ನು ನಾವು ಅಳೆಯುವುದು 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೋ ಕೋಮಾ ಮಾಪಕದಿಂದ. ಕಣ್ಣು ತೆರೆಯುವುದಕ್ಕೆ ಗರಿಷ್ಠ 4 ಅಂಕ, ಮಾತಿಗೆ 5, ಕೈಕಾಲಿನ ಚಲನೆಗೆ 6. ಒಟ್ಟು 15, ಅತಿ ಕಡಿಮೆ 3. ಮಾತಿನ ಅಂಕ ಸರಿಯಾಗಬೇಕಾದರೆ ಕೇಳುವವರ ಭಾಷೆ ರೋಗಿಗೆ ತಿಳಿದಿರಬೇಕು. ಕಡಬದಿಂದ ಬಂದ ಅಜ್ಜಿಯನ್ನು ಪುಸ್ತಕದ ಕನ್ನಡದಲ್ಲಿ ‘ಇದು ಯಾವ ತಿಂಗಳು’ ಎಂದು ಕೇಳಿದರೆ ಸುಮ್ಮನೆ ಮುಖ ನೋಡಬಹುದು. ತುಳುವಿನಲ್ಲಿ ಕೇಳಿದಾಗ ತುಳು ತಿಂಗಳ ಹೆಸರಿನಲ್ಲಿ ‘ಆಟಿ’ ಎಂದು ಸರಿಯಾಗಿ ಹೇಳಿದರೆ, ಜುಲೈ ಎನ್ನಲಿಲ್ಲವೆಂದು ಅಂಕ ಕಡಿತ ಮಾಡುವುದು ನಮ್ಮ ಅಜ್ಞಾನ, ಅವರ ಗೊಂದಲವಲ್ಲ.

ತುಳುವಿನಿಂದ ಮಾತ್ರ ಪೂರೈಸುವುದೂ ಇಲ್ಲ. ಉಳ್ಳಾಲದ ಕಡೆಯವರು ಬ್ಯಾರಿ ಭಾಷೆ, ಚರ್ಚಿನ ಹಿರಿಯರು ಮತ್ತು ಗೌಡ ಸಾರಸ್ವತರು ತಮ್ಮ ತಮ್ಮ ಬಗೆಯ ಕೊಂಕಣಿ, ಕಾಸರಗೋಡಿನವರು ಮಲಯಾಳ, ಕುಂದಾಪುರದವರು ಅವರದೇ ಕನ್ನಡ ಆಡುತ್ತಾರೆ. ರಾತ್ರಿ ಪಾಳಿಯವರು ಒಂದು ಭಾಷೆಯಲ್ಲಿ, ಹಗಲಿನವರು ಇನ್ನೊಂದರಲ್ಲಿ ಕೇಳಿದರೆ ಅಂಕ ಏರಿಳಿದಂತೆ ಕಾಣುತ್ತದೆ, ಮತ್ತು ಆ ಅಂಕದ ಇಳಿಕೆಯ ಮೇಲೆಯೇ ಮತ್ತೊಮ್ಮೆ ಸಿ.ಟಿ. ಮಾಡಿಸಬೇಕೆ ಎಂಬುದು ತೀರ್ಮಾನವಾಗುತ್ತದೆ. ಹಾಗಾಗಿ ಯಾವ ಭಾಷೆಯಲ್ಲಿ ಪರೀಕ್ಷಿಸಿದೆ ಎಂಬುದನ್ನೂ ಅಂಕದ ಪಕ್ಕದಲ್ಲಿ ಬರೆಯುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಕಿರಿಯರಿಗೂ ಇದನ್ನೇ ಹೇಳುತ್ತೇನೆ. ವಾರ್ಡಿನ ಸಿಸ್ಟರ್‌ಗಳು ಮತ್ತು ಆಯಾಗಳು ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದಾರೆ. ಅವರನ್ನು ಕೇಳಿ ಕಲಿಯಿರಿ.

ಊರಿನ ದೊಡ್ಡ ಆಸ್ಪತ್ರೆ ಬಿಟ್ಟು ಬೆಂಗಳೂರಿಗೇ ಹೋಗಿ ಕಲಿಯಬಹುದಿತ್ತಲ್ಲ?

ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಸಿಗುವ ರೋಗಗಳ ವೈವಿಧ್ಯ ದೊಡ್ಡದು, ಅಲ್ಲಿ ಕಲಿತವರ ಬಗ್ಗೆ ನನಗೆ ಗೌರವವಿದೆ. ಆದರೆ ಕರಾವಳಿಗೆ ತನ್ನದೇ ಗಾಯಗಳಿವೆ. ಮಳೆಗಾಲದ ಮುಂಚೆ ಮತ್ತು ನಡುವೆ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದವರು, ಕೊನೆ ಕೊಯ್ಯುವವರು, ತೆಂಗಿನಿಂದ ಜಾರಿದವರು ಬೆನ್ನುಹುರಿಗೆ ಪೆಟ್ಟಾಗಿ ಬರುತ್ತಾರೆ. ಹೆಚ್ಚಿನವರು ಮನೆ ನಡೆಸುವ ವಯಸ್ಸಿನವರು. ನೆಲದಲ್ಲಿಯೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಳಕೆಗೆ ಬಂದಿರುವುದು ನನಗೆ ಯಾವುದೇ ಹೊಸ ಇಂಪ್ಲಾಂಟ್‌ಗಿಂತ ದೊಡ್ಡ ಸುದ್ದಿ. ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಇಳಿದು ಬರುವ ಆಂಬುಲೆನ್ಸ್‌ಗಳು, ಹೆದ್ದಾರಿ 66ರ ಅಪಘಾತಗಳು ಬೇರೆ. ಬಿದ್ದವನನ್ನು ಕುತ್ತಿಗೆಗೆ ಆಧಾರವಿಲ್ಲದೆ ರಿಕ್ಷಾದಲ್ಲಿ ಮಡಚಿ ಕೂರಿಸಿ ತಂದರೆ ಉಳಿದಿದ್ದ ಚಲನೆಯೂ ಹೋಗಬಹುದು. ಹಲಗೆಯೋ ಬಾಗಿಲೋ ಸಿಕ್ಕಿದರೆ ಅದರ ಮೇಲೆ ನೇರವಾಗಿ ಮಲಗಿಸಿ ತನ್ನಿ.

ಹೆಣ್ಣುಮಕ್ಕಳಿಗೆ ಇದು ಆಗುವ ಕೆಲಸವಾ? ಮದುವೆ, ಮಕ್ಕಳು ಎಲ್ಲ ಹೇಗೆ?

ಮದರಾಸಿನಲ್ಲಿ ಡಾ. ಟಿ.ಎಸ್. ಕನಕ ಅವರು 1968ರಲ್ಲಿಯೇ ನ್ಯೂರೋಸರ್ಜರಿಯ ಎಂ.ಸಿಎಚ್. ಪಡೆದರು, ಏಷ್ಯಾದ ಮೊದಲ ಮಹಿಳಾ ನ್ಯೂರೋಸರ್ಜನ್‌ಗಳಲ್ಲಿ ಅವರೊಬ್ಬರು. ಆಗುವ ಕೆಲಸವೇ ಎಂಬುದಕ್ಕೆ ಉತ್ತರ ಅಲ್ಲಿಗೆ ಮುಗಿದಿದೆ. ಉಳಿದಿರುವುದು ಏರ್ಪಾಡಿನ ಪ್ರಶ್ನೆ: ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಎಕ್ಸ್-ರೇ ಯಂತ್ರ ನಡೆಯುವುದರಿಂದ ಗರ್ಭಿಣಿಯರು ಸೀಸದ ಏಪ್ರನ್ ಮತ್ತು ಕೆಲಸದ ಹಂಚಿಕೆಯ ಬಗ್ಗೆ ಮೊದಲೇ ವಿಭಾಗದಲ್ಲಿ ಮಾತನಾಡಬೇಕಾಗುತ್ತದೆ, ಹೆರಿಗೆ ರಜೆ ತೆಗೆದುಕೊಂಡರೆ ತರಬೇತಿ ಅಷ್ಟು ಮುಂದಕ್ಕೆ ಹೋಗಬಹುದು. ಈ ಪ್ರಶ್ನೆಯನ್ನು ನನ್ನ ಸಹಪಾಠಿ ಗಂಡಸರಿಗೂ ಕೇಳುವಂತಾಗಬೇಕು, ಏಕೆಂದರೆ ಅವರ ಮನೆಗಳಲ್ಲಿಯೂ ಮಕ್ಕಳಿವೆ.

## ಆಸ್ಪತ್ರೆಯ ಹೊರಗೆ

ನಿದ್ದೆ ಮಾಡುವುದು ಯಾವಾಗ?

ಪಾಳಿಯಿಲ್ಲದ ರಾತ್ರಿಗಳಲ್ಲಿ, ಮತ್ತು ಸಿಕ್ಕಾಗ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯೇ ಸಾಮಾನ್ಯವಾಗಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ಸತತ ಕೆಲಸ ಬೇಡವೆಂದಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳೂ ಸಮಂಜಸವಾದ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಮಾತನ್ನಾಡುತ್ತವೆ. ಕಾಗದಕ್ಕೂ ವಾರ್ಡಿಗೂ ಅಂತರವಿದೆ. ನಿದ್ದೆಗೆಡುವುದನ್ನು ಶೌರ್ಯವೆಂದು ಹೊಗಳುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ; ರೋಗಿಗೂ ಅದು ಒಳ್ಳೆಯದಲ್ಲ. ಪಾಳಿ ಬದಲಾಗುವಾಗ ಮುಂದಿನವರಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ನಿಂತು ವಿವರ ಒಪ್ಪಿಸಿದರೆ, ಮನೆಗೆ ಹೋದ ಮೇಲೆ ಫೋನು ಬರುವುದು ಕಡಿಮೆಯಾಗುತ್ತದೆ.

ಇಷ್ಟರ ನಡುವೆ ಆಟ ನೋಡಲಿಕ್ಕೆ ಪುರುಸೊತ್ತು ಸಿಗ್ತದಾ?

ಸಿಗುತ್ತದೆ, ಮೊದಲಿನಷ್ಟು ಅಲ್ಲ. ಬೆಳಗಿನ ತನಕ ಕುಳಿತು ಯಕ್ಷಗಾನ ನೋಡುವುದು ಈಗ ಆಗದ ಮಾತು. ಕಾಲಮಿತಿ ಪ್ರದರ್ಶನಗಳು ಹೆಚ್ಚಾಗಿರುವುದರಿಂದ ನಡುರಾತ್ರಿಯೊಳಗೆ ಮುಗಿಯುವ ಆಟಕ್ಕೆ ಹೋಗಿಬರುತ್ತೇನೆ. ನನಗೆ ಅದಕ್ಕಿಂತ ಪ್ರಿಯವಾದದ್ದು ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದದ ಬೆನ್ನಿಗೆ ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು ಆ ಕ್ಷಣದಲ್ಲಿ ಹುಟ್ಟಿದ ಮಾತಿನಿಂದಲೇ ಕೃಷ್ಣನಾಗಿ, ಕರ್ಣನಾಗಿ ವಾದಕ್ಕಿಳಿಯುತ್ತಾರೆ. ಎದುರಾಳಿಯ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡು, ಅದರೊಳಗಿನ ಎಳೆಯೊಂದನ್ನೇ ಹಿಡಿದು ಉತ್ತರ ಕಟ್ಟುವ ಹಿರಿಯ ಅರ್ಥಧಾರಿಗಳ ಮಾತು ಕೇಳಲು ಎಷ್ಟು ದೂರವಾದರೂ ಹೋಗಬಹುದು.

ಬಿಡುವಾದ ಭಾನುವಾರಗಳಲ್ಲಿ ಗುರುಗಳೊಬ್ಬರ ಬಳಿ ಮದ್ದಳೆ ಕಲಿಯುತ್ತಿದ್ದೇನೆ. ಬೆರಳಿಗೆ ಒಳ್ಳೆಯ ವ್ಯಾಯಾಮವೇ, ಶಸ್ತ್ರಚಿಕಿತ್ಸೆಗೆ ಪ್ರಯೋಜನವೇ ಎಂದು ಕೇಳುವವರಿದ್ದಾರೆ. ಪ್ರಯೋಜನಕ್ಕಾಗಿ ನಾನು ಅಲ್ಲಿಗೆ ಹೋಗುವುದಿಲ್ಲ.

## ಸಂಶೋಧನೆ ಮತ್ತು ಕಠಿಣ ಪ್ರಶ್ನೆಗಳು

ನಿಮ್ಮ ಥೀಸಿಸ್ ಯಾವುದರ ಮೇಲೆ? ಅದರಿಂದ ನಮಗೆ ಎಂತ ಉಪಯೋಗ?

ವಯಸ್ಸಾದವರ ಸಬ್‌ಡ್ಯೂರಲ್ ರಕ್ತಸಂಗ್ರಹ ಏಕೆ ತಡವಾಗಿ ಪತ್ತೆಯಾಗುತ್ತದೆ, ತೆಗೆದ ಮೇಲೂ ಕೆಲವರಲ್ಲಿ ಏಕೆ ಮರುಕಳಿಸುತ್ತದೆ ಎಂಬುದು ನನ್ನ ವಿಷಯ. ಮುಪ್ಪಿನಲ್ಲಿ ಮಿದುಳು ಸ್ವಲ್ಪ ಕುಗ್ಗುತ್ತದೆ, ಅದರಿಂದ ಪೊರೆಗೆ ಸಾಗುವ ಸಣ್ಣ ಅಭಿಧಮನಿಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಪಾಚಿ ಹಿಡಿದ ಅಂಗಳದಲ್ಲಿ ಜಾರಿದ್ದು, ಕೆಳಬಾಗಿಲ ದಾರಂದಕ್ಕೆ ತಲೆ ಬಡಿದದ್ದು ಸಾಕು. ಆ ಹೊತ್ತಿಗೆ ಏನೂ ಆಗುವುದಿಲ್ಲ. ವಾರಗಳ ಮೇಲೆ ನಡಿಗೆ ವಾಲುತ್ತದೆ, ಮರೆವು ಬರುತ್ತದೆ, ಹಗಲಲ್ಲೂ ಮಂಪರು. ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಮನೆಗಳಲ್ಲಿ ಈ ಬದಲಾವಣೆಯನ್ನು ಗುರುತಿಸುವವರೇ ಇರುವುದಿಲ್ಲ, ಕಂಡವರೂ ‘ಪ್ರಾಯ ಆಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಕೆಲವೇ ವಾರಗಳಲ್ಲಿ ಬಂದ ಮರೆವನ್ನು ಪ್ರಾಯದ ಲೆಕ್ಕಕ್ಕೆ ಬರೆಯಬೇಡಿ, ಒಂದು ಸಿ.ಟಿ. ಮಾಡಿಸಿ ಎಂಬುದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಮರುಕಳಿಕೆಯ ಕುರಿತು ಗಟ್ಟಿಯಾದ ಪುರಾವೆಗಳಿವೆ. ಶಸ್ತ್ರಚಿಕಿತ್ಸೆಯ ಬಳಿಕ ನಳಿಕೆಯೊಂದನ್ನು ಒಳಗೆ ಬಿಟ್ಟರೆ ಮರುಕಳಿಕೆ ಶೇ. 24ರಿಂದ ಶೇ. 9.3ಕ್ಕೆ ಇಳಿಯುತ್ತದೆಂದು 2009ರಲ್ಲಿ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿತು. 2024ರಲ್ಲಿ ಪ್ರಕಟವಾದ ಪ್ರಯೋಗಗಳು ಪೊರೆಗೆ ರಕ್ತ ಕೊಡುವ ಧಮನಿಯನ್ನು ಒಳಗಿನಿಂದಲೇ ಮುಚ್ಚುವ ವಿಧಾನವನ್ನು ಪರೀಕ್ಷಿಸಿದವು. ಅವುಗಳಲ್ಲೊಂದರಲ್ಲಿ ಮರುಚಿಕಿತ್ಸೆಗೆ ಒಳಗಾದವರು ಶೇ. 11.3ರ ಬದಲು ಶೇ. 4.1. ಈ ಎರಡನೆಯ ವಿಧಾನಕ್ಕೆ ಕ್ಯಾತ್ ಲ್ಯಾಬ್ (ರಕ್ತನಾಳದೊಳಗೆ ನಳಿಕೆ ತೂರಿಸಿ ಚಿಕಿತ್ಸೆ ಮಾಡುವ ಕೊಠಡಿ) ಮತ್ತು ದುಬಾರಿ ಸಾಮಗ್ರಿ ಬೇಕು. ಎಲ್ಲರಿಗೂ ಅದು ಬೇಕೆ, ಯಾರಿಗೆ ನಳಿಕೆಯಷ್ಟೇ ಸಾಕು ಎಂದು ಮೊದಲೇ ಗುರುತಿಸಲು ಸಾಧ್ಯವೆ ಎಂಬುದು ನಮ್ಮಂಥ ಊರುಗಳಿಗೆ ಮುಖ್ಯವಾದ ಪ್ರಶ್ನೆ.

ಸಂಶೋಧನೆ ಅಂತ ಹೇಳಿ ರೋಗಿಗಳ ಮೇಲೆ ಪ್ರಯೋಗ ಮಾಡುವುದಲ್ವಾ?

ಆತಂಕ ಸಹಜವಾದದ್ದು. ಪ್ರತಿ ಅಧ್ಯಯನಕ್ಕೂ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಚಿಕಿತ್ಸೆಯನ್ನು ಹೋಲಿಸುವ ಪ್ರಯೋಗವಾದರೆ ರೋಗಿಯ ಅಥವಾ ಮನೆಯವರ ಲಿಖಿತ ಸಮ್ಮತಿ ಪಡೆದು, ಭಾರತದ ಪ್ರಯೋಗಗಳ ನೋಂದಣಿಯಲ್ಲಿ ಮುಂಚಿತವಾಗಿಯೇ ದಾಖಲಿಸಬೇಕು. ಒಪ್ಪದಿದ್ದರೆ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಬಾರದು.

ಪ್ರಯೋಗ ಮಾಡದಿರುವುದರಲ್ಲಿಯೂ ಅಪಾಯವಿದೆ ಎಂಬುದನ್ನು ಮರೆಯಬಾರದು. ತಲೆಗೆ ಪೆಟ್ಟಾದವರಿಗೆ ಬಾವು ಇಳಿಸಲೆಂದು ದಶಕಗಳ ಕಾಲ ಸ್ಟೀರಾಯ್ಡ್ ಕೊಡುತ್ತಿದ್ದರು, ಎಲ್ಲರಿಗೂ ಅದು ಸರಿಯೆನಿಸಿತ್ತು. ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಕ್ರ್ಯಾಶ್ ಪ್ರಯೋಗ 2004ರಲ್ಲಿ ಪ್ರಕಟವಾದಾಗ, ಎರಡು ವಾರಗಳೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9 ಎಂದು ತಿಳಿಯಿತು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಔಷಧಿಯೇ ಹಾನಿ ಮಾಡುತ್ತಿತ್ತು. ಎಣಿಸಿ ನೋಡದಿದ್ದರೆ ಇಂದಿಗೂ ಕೊಡುತ್ತಿದ್ದೆವು.

ಆಪರೇಷನ್ ಮಾಡಿ ಪ್ರಯೋಜನ ಇಲ್ಲ ಎಂದು ಹೇಗೆ ಹೇಳ್ತೀರಿ? ಹೃದಯ ಹೊಡೀತಾ ಇದೆಯಲ್ಲ?

ತರಬೇತಿಯಲ್ಲಿ ಅತ್ಯಂತ ನಿಧಾನವಾಗಿ ಬರುವ ಪಾಠ ಇದು. ವಯಸ್ಸು, ಪ್ರಜ್ಞೆಯ ಅಂಕ, ಪಾಪೆಗಳು ಬೆಳಕಿಗೆ ಸ್ಪಂದಿಸುವ ರೀತಿ, ಸ್ಕ್ಯಾನ್, ಪೆಟ್ಟು ಬಿದ್ದು ಕಳೆದ ಸಮಯ ಇವೆಲ್ಲವನ್ನೂ ತೂಗಬೇಕು. ಬುರುಡೆಯ ಎಲುಬು ತೆಗೆದು ಒತ್ತಡ ಇಳಿಸಿದರೆ ಜೀವ ಉಳಿಯುವವರು ಹೆಚ್ಚುತ್ತಾರೆ, ಆದರೆ ಉಳಿದವರಲ್ಲಿ ಕೆಲವರು ಎಚ್ಚರವೇ ಆಗದ ಅಥವಾ ಪರಾವಲಂಬಿ ಸ್ಥಿತಿಯಲ್ಲಿ ಇರಬಹುದೆಂದು 2016ರ ರೆಸ್ಕ್ಯು-ಐಸಿಪಿ ಪ್ರಯೋಗ ಸ್ಪಷ್ಟಪಡಿಸಿತು. ಆದ್ದರಿಂದ ಮನೆಯವರ ಮುಂದೆ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಯ ಜೊತೆಗೆ, ಉಳಿದರೆ ಯಾವ ಸ್ಥಿತಿಯಲ್ಲಿ ಎಂಬುದನ್ನೂ ಇಡಬೇಕು. ಈ ಮಾತುಕತೆಯನ್ನು ಕಾರಿಡಾರಿನಲ್ಲಿ ನಿಂತು ಮಾಡಬಾರದು; ಕುಳಿತು, ಅವರ ಭಾಷೆಯಲ್ಲಿ, ಅವರು ಎರಡನೆಯ ಸಲ ಅದನ್ನೇ ಕೇಳಿದರೂ ಮೊದಲಿನಷ್ಟೇ ತಾಳ್ಮೆಯಿಂದ ಹೇಳಬೇಕು.

ಮಿದುಳುಕಾಂಡ (ಬ್ರೈನ್‌ಸ್ಟೆಮ್) ಸತ್ತ ಸ್ಥಿತಿ ಬೇರೆಯೇ. ವೆಂಟಿಲೇಟರ್ ಉಸಿರು ಕೊಡುವ ತನಕ ಹೃದಯ ಸ್ವಲ್ಪ ಕಾಲ ಬಡಿಯುತ್ತದೆ, ಆದರೆ ಮರಳುವ ದಾರಿಯಿಲ್ಲ. ಅಂಗದಾನದ ಸಂದರ್ಭದಲ್ಲಿ ಅದನ್ನು 1994ರ ಅಂಗಾಂಗ ಕಸಿ ಕಾಯ್ದೆಯಡಿ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. ಕರ್ನಾಟಕದಲ್ಲಿ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ.

ಎಚ್ಚರ ಇಟ್ಟೇ ಮಿದುಳಿನ ಆಪರೇಷನ್ ಮಾಡ್ತಾರಂತೆ ಹೌದಾ? ನಾಲ್ಕು ಭಾಷೆ ಗೊತ್ತಿರುವವರಿಗೆ ಯಾವ ಭಾಷೆಯಲ್ಲಿ ಮಾತಾಡಿಸ್ತೀರಿ?

ಹೌದು. ಮಿದುಳಿಗೆ ತಾನಾಗಿ ನೋವು ತಿಳಿಯುವುದಿಲ್ಲ. ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ರೋಗಿ ಎಚ್ಚರವಾಗಿದ್ದು ಮಾತನಾಡಬಹುದು. ಗಡ್ಡೆ ಮಾತಿನ ಕೇಂದ್ರಗಳ ಹತ್ತಿರವಿದ್ದಾಗ, ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಾ ಮಿದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ ಸ್ಪರ್ಶ ಕೊಡುತ್ತಾರೆ. ಎಲ್ಲಿ ಮುಟ್ಟಿದಾಗ ಮಾತು ತಡೆಯುತ್ತದೋ ಆ ಜಾಗವನ್ನು ಉಳಿಸುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯೂರೋಸರ್ಜನ್ ಪೆನ್‌ಫೀಲ್ಡ್ ಈ ವಿದ್ಯೆಯನ್ನು ಬೆಳೆಸಿದರು. ಅವರ ಬಳಿ ಕಲಿತ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ನ್ಯೂರೋಸರ್ಜರಿ ವಿಭಾಗವನ್ನು ತೆರೆದರು.

ಎರಡು ಭಾಷೆ ಬಲ್ಲವರಲ್ಲಿ ಕೆಲವು ಜಾಗಗಳು ಎರಡಕ್ಕೂ ಸಮಾನ, ಕೆಲವು ಒಂದೇ ಭಾಷೆಗೆ ಮೀಸಲು ಎಂದು 1978ರಲ್ಲಿ ಓಜೆಮನ್ ಮತ್ತು ವಿಟೇಕರ್ ವರದಿ ಮಾಡಿದ್ದರು. ಅಂದರೆ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ಗಡ್ಡೆ ತೆಗೆದರೆ, ಮನೆಯ ತುಳುವಿಗೆ ಪೆಟ್ಟಾಗುವ ಸಾಧ್ಯತೆ ಉಳಿಯುತ್ತದೆ. ನನ್ನ ಉತ್ತರ: ರೋಗಿ ದಿನನಿತ್ಯ ಆಡುವ ಪ್ರತಿಯೊಂದು ಭಾಷೆಯಲ್ಲಿಯೂ, ಮನೆಮಾತಿನಿಂದ ತೊಡಗಿ. ಆದರೆ ಬಳಕೆಯಲ್ಲಿರುವ ಚಿತ್ರಗಳ ಕಟ್ಟುಗಳು ಬೇರೆ ದೇಶಗಳವರಿಗಾಗಿ ಮಾಡಿದವು. ಕಂಡೇ ಇರದ ವಸ್ತುವಿನ ಹೆಸರು ಹೇಳಲಾಗದಿದ್ದರೆ ಅದು ಮಿದುಳಿನ ತಡೆಯೋ ಪರಿಚಯದ ಕೊರತೆಯೋ ತಿಳಿಯದು. ಅದಕ್ಕಾಗಿ ನಾವು ಕೆಲವರು ಸೇರಿ ದೋಣಿ, ಬಲೆ, ಮೆಟ್ಟುಕತ್ತಿ, ಮುಟ್ಟಾಳೆ, ಹಲಸು, ಚೆಂಡೆ ಮುಂತಾದ ಚಿತ್ರಗಳ ಕಟ್ಟೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಆರೋಗ್ಯವಂತ ಸ್ವಯಂಸೇವಕರು ತುಳು, ಕೊಂಕಣಿ, ಬ್ಯಾರಿ, ಕನ್ನಡಗಳಲ್ಲಿ ಯಾವ ಚಿತ್ರಕ್ಕೆ ತಡವರಿಸದೆ ಒಂದೇ ಹೆಸರು ಹೇಳುತ್ತಾರೆ ಎಂದು ನೋಡಿ, ಉಳಿದ ಚಿತ್ರಗಳನ್ನು ಕೈಬಿಡುವ ಕೆಲಸ ಈಗ ನಡೆದಿದೆ.